ಕೋಟೆಯ ನೆರಳಿನಲ್ಲಿ ಧರ್ಮಸಭೆ: ಶ್ರೀರಂಗಪಟ್ಟಣದ ಕಾವಲುಪಡೆಗಳು ಮತ್ತು ಹೇಡ್ರಿಯನ್ ಗೋಡೆಯ ಪಾಠ

ಹೊಸ ಒಡಂಬಡಿಕೆಯಲ್ಲಿ ಸೈನಿಕರು ಅಪರಿಚಿತರಲ್ಲ. ಜೋರ್ಡನ್ ನದಿಯ ದಡದಲ್ಲಿ ಸ್ನಾನಿಕ ಯೊವಾನ್ನರ ಬಳಿಗೆ ಬಂದು, ತಾವೇನು ಮಾಡಬೇಕೆಂದು ಕೇಳಿದವರಲ್ಲಿ ಸಿಪಾಯಿಗಳೂ ಇದ್ದರು (ಲೂಕ 3:14). ಕಪೆರ್ನವುಮಿನ ಶತಾಧಿಪತಿಯ ವಿಶ್ವಾಸವನ್ನು ಕಂಡು ಪ್ರಭು ಸ್ವತಃ ಬೆರಗಾದರು. ಶಿಲುಬೆಯ ಬುಡದಲ್ಲಿ ಅವರನ್ನು ದೇವಪುತ್ರನೆಂದು ಒಪ್ಪಿಕೊಂಡವನೂ ಶತಾಧಿಪತಿಯೇ. ಅನ್ಯಜನಾಂಗದವರಿಗೆ ಧರ್ಮಸಭೆಯ ಬಾಗಿಲು ತೆರೆದದ್ದು ಸೆಜರೇಯದ ದಂಡಿನಲ್ಲಿದ್ದ ಕೊರ್ನೇಲಿಯ ಮನೆಯಲ್ಲಿ. ಆದರೆ ಪ್ರಭುವನ್ನು ಶಿಲುಬೆಗೇರಿಸಿದ ಕೈಗಳೂ ಸೈನಿಕರದ್ದೇ. ಈ ಎರಡು ಸತ್ಯಗಳ ನಡುವೆ, ಸೈನ್ಯ ಮತ್ತು ಸುವಾರ್ತೆಯ ಸಂಬಂಧವೇನು ಎಂಬ ಪ್ರಶ್ನೆ ಮೊದಲ ಶತಮಾನದಿಂದಲೂ ನಮ್ಮ ಬೆನ್ನು ಹತ್ತಿದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಸೀಮೆಯಲ್ಲಿ ಸೇವೆ ಸಲ್ಲಿಸುವ ಗುರುಗಳಿಗೆ ಈ ಪ್ರಶ್ನೆ ಇನ್ನೂ ಹರಿತವಾದ ರೂಪದಲ್ಲಿ ಎದುರಾಗುತ್ತದೆ: ನಿಮ್ಮ ಧರ್ಮ ಕಂಪನಿಯ ಫಿರಂಗಿಗಳ ಜೊತೆಯಲ್ಲಿ ಬಂದದ್ದಲ್ಲವೇ? ಕೇಳುವವರಲ್ಲಿ ಕೆಲವರು ಕುತೂಹಲಿಗಳು, ಕೆಲವರು ಆಕ್ಷೇಪಿಸುವವರು. ಇಬ್ಬರಿಗೂ ಸಲ್ಲಬೇಕಾದದ್ದು ಸತ್ಯವಾದ ಉತ್ತರ. ಆ ಉತ್ತರವನ್ನು ನಾವು ಈ ಲೇಖನದಲ್ಲಿ ದ್ವೀಪದ ಕೋಟೆಯ ಇತಿಹಾಸದಲ್ಲಿಯೇ ಹುಡುಕುತ್ತೇವೆ. ಹೋಲಿಕೆಗಾಗಿ, ಸಾವಿರದ ಎಂಟುನೂರು ವರ್ಷಗಳಿಗೂ ಹಿಂದೆ ರೋಮನ್ನರು ಇಂಗ್ಲೆಂಡಿನ ಉತ್ತರದಲ್ಲಿ ಕಟ್ಟಿದ ಗಡಿಕೋಟೆಗಳನ್ನು ಮೊದಲು ನೋಡೋಣ. ಕಾವಲುಪಡೆಯೊಂದು ಬಂದು, ನೆಲೆಸಿ, ಹಿಂದಿರುಗಿದ ಮೇಲೆ ಅದರ ದೇವರುಗಳಿಗೆ ಏನಾಗುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಗೋಡೆಯ ಮೇಲಿನ ಪರದೇಶಿಗಳು

ಕ್ರಿ.ಶ. 122ರಲ್ಲಿ ಚಕ್ರವರ್ತಿ ಹೇಡ್ರಿಯನ್ ಬ್ರಿಟನ್ನಿಗೆ ಬಂದಾಗ ಆರಂಭವಾದ ಗೋಡೆ, ಪೂರ್ವದ ಟೈನ್ ನದಿಯಿಂದ ಪಶ್ಚಿಮದ ಸಾಲ್ವೇ ಕೊಲ್ಲಿಯವರೆಗೆ ಸುಮಾರು 117 ಕಿಲೋಮೀಟರ್ ಉದ್ದಕ್ಕೆ ಹಬ್ಬಿತ್ತು. ಅದರ ಉದ್ದಕ್ಕೂ ಕೋಟೆಗಳಿದ್ದವು. ಅವುಗಳನ್ನು ಕಾಯುತ್ತಿದ್ದವರಲ್ಲಿ ರೋಮ್ ನಗರವನ್ನು ಕಂಡವರು ವಿರಳ. ಹೌಸ್‌ಸ್ಟೆಡ್ಸ್ ಕೋಟೆಯಲ್ಲಿದ್ದವರು ಇಂದಿನ ಬೆಲ್ಜಿಯಂ ಸೀಮೆಯ ತುಂಗ್ರಿ ಜನ. ಚೆಸ್ಟರ್ಸ್ ಕೋಟೆಯಲ್ಲಿದ್ದವರು ಸ್ಪೇನಿನ ಅಸ್ತೂರಿಯದ ಕುದುರೆ ಸವಾರರು. ಕಾರ್ವೋರನ್‌ನಲ್ಲಿದ್ದವರು ಸಿರಿಯಾದ ಬಿಲ್ಲುಗಾರರು. ಸೋತ ನಾಡುಗಳ ಮಕ್ಕಳು ಇನ್ನೊಂದು ಸೋತ ನಾಡನ್ನು ಕಾಯಲು ಬಂದಿದ್ದರು. ಇಪ್ಪತ್ತೈದು ವರ್ಷ ದುಡಿದರೆ ರೋಮನ್ ಪೌರತ್ವ ಎಂಬುದು ಅವರಿಗಿದ್ದ ಭರವಸೆ.

ಗೋಡೆಗಿಂತಲೂ ಹಳೆಯದಾದ ವಿಂಡೊಲಾಂಡ ಕೋಟೆಯಲ್ಲಿ 1973ರಿಂದ ದೊರೆಯುತ್ತಾ ಬಂದಿರುವ ತೆಳುವಾದ ಮರದ ಓಲೆಗಳು ಈ ಜನರ ದಿನನಿತ್ಯದ ಬದುಕನ್ನು ನಮ್ಮ ಕಣ್ಣೆದುರಿಗೆ ತಂದಿಟ್ಟಿವೆ. ದವಸದ ಲೆಕ್ಕ, ರಜೆಯ ಅರ್ಜಿ, ಮನೆಯಿಂದ ಕಳುಹಿಸಿದ ಕಾಲುಚೀಲಗಳ ಸುದ್ದಿ, ಹುಟ್ಟುಹಬ್ಬಕ್ಕೆ ಬರಬೇಕೆಂದು ಕ್ಲಾಡಿಯಾ ಸೆವೆರಾ ಎಂಬ ಅಧಿಕಾರಿಯ ಪತ್ನಿ ತನ್ನ ಗೆಳತಿಗೆ ಬರೆದ ಕರೆಯೋಲೆ ಅವುಗಳಲ್ಲಿವೆ. ಸೌತ್ ಶೀಲ್ಡ್ಸ್‌ನ ಒಂದು ಸಮಾಧಿಕಲ್ಲು ಇನ್ನೂ ಮನಕಲಕುವಂಥದ್ದು. ಸಿರಿಯಾದ ಪಾಲ್ಮೀರದಿಂದ ಬಂದಿದ್ದ ಬರಾತೆಸ್ ಎಂಬವನು, ತಾನು ದಾಸ್ಯದಿಂದ ಬಿಡಿಸಿ ಮದುವೆಯಾಗಿದ್ದ ರೆಜೀನಾ ಎಂಬ ಬ್ರಿಟನ್ನಿನ ಹೆಣ್ಣುಮಗಳಿಗಾಗಿ ಅದನ್ನು ನಿಲ್ಲಿಸಿದನು. ಮೇಲೆ ಲತೀನ್ ಬರಹವಿದೆ. ಕೆಳಗೆ ತನ್ನ ತಾಯ್ನುಡಿಯಲ್ಲಿ ಒಂದು ಸಾಲಿನ ಶೋಕವಿದೆ. ಅಧಿಕೃತ ಭಾಷೆ ಅವನ ದುಃಖಕ್ಕೆ ಸಾಲಲಿಲ್ಲ.

ದಂಡಿಗೆ ತನ್ನದೇ ಆದ ಧರ್ಮವಿತ್ತು. ಮೇರಿಪೋರ್ಟ್ ಕೋಟೆಯಲ್ಲಿ ಜೂಪಿಟರ್ ದೇವನಿಗೆ ದಳಪತಿಗಳು ಅರ್ಪಿಸಿದ ಬಲಿಪೀಠಗಳು ಸಾಲುಸಾಲಾಗಿ ದೊರೆತಿವೆ. ಕ್ಯಾರಬರೋದಲ್ಲಿ ಮಿತ್ರದೇವನ ಪುಟ್ಟ ಗುಡಿಯಿತ್ತು. ಕ್ರೈಸ್ತ ವಿಶ್ವಾಸ ಅಲ್ಲಿಗೆ ತಡವಾಗಿ, ಸದ್ದಿಲ್ಲದೆ ಬಂದಿತು. ಕಾನ್‌ಸ್ಟಂಟೈನನು 306ರಲ್ಲಿ ಯಾರ್ಕ್ ನಗರದಲ್ಲಿಯೇ ಸೈನ್ಯದಿಂದ ಚಕ್ರವರ್ತಿಯೆಂದು ಘೋಷಿತನಾದನು. 314ರ ಆರ್ಲ್ ಸಭೆಗೆ ಯಾರ್ಕಿನ ಧರ್ಮಾಧ್ಯಕ್ಷರು ಹೋಗಿದ್ದರು. ಸುಮಾರು 410ರ ಹೊತ್ತಿಗೆ ಬ್ರಿಟನ್ನಿನ ಮೇಲೆ ರೋಮಿನ ಹಿಡಿತ ಮುಗಿಯಿತು. ಸಂಬಳ ನಿಂತಿತು, ಜೂಪಿಟರನ ಪೀಠಗಳು ಮಣ್ಣು ಸೇರಿದವು. ಅದೇ ವಿಂಡೊಲಾಂಡದಲ್ಲಿ, ರೋಮನ್ ಆಳ್ವಿಕೆ ಮುಗಿದ ನಂತರದ ಶತಮಾನಗಳಿಗೆ ಸೇರಿದ ಕುಸಿದ ದೇವಾಲಯವೊಂದರ ಅವಶೇಷದಲ್ಲಿ, ಶಿಲುಬೆಯೇ ಮೊದಲಾದ ಕ್ರೈಸ್ತ ಗುರುತುಗಳನ್ನು ಗೀಚಿದ ಸೀಸದ ಪಾನಪಾತ್ರೆಯ ಚೂರುಗಳು ದೊರೆತವೆಂದು 2020ರಲ್ಲಿ ಪ್ರಕಟವಾಯಿತು. ಏಳನೆಯ ಶತಮಾನದಲ್ಲಿ ಸಂತ ವಿಲ್ಫ್ರಿಡರು ಹೆಕ್ಸಮ್‌ನಲ್ಲಿ ದೇವಾಲಯ ಕಟ್ಟಿಸಿದಾಗ ಅದರ ನೆಲಮಾಳಿಗೆಗೆ ಬಂದದ್ದು ರೋಮನ್ ಕಟ್ಟಡಗಳ ಕಲ್ಲು. ಸೈನ್ಯದ ಅಪ್ಪಣೆಯಿಂದ ನಡೆದ ಪೂಜೆ ಸೈನ್ಯದೊಡನೆ ಮುಗಿಯಿತು. ಸಂಬಳದ ಹಂಗಿಲ್ಲದ ವಿಶ್ವಾಸ ಹಾಳುಬಿದ್ದ ಗೋಡೆಗಳ ನಡುವೆ ಉಳಿಯಿತು.

ಕಂಪನಿಗಿಂತ ನೂರೈವತ್ತು ವರ್ಷ ಮೊದಲು

ಈ ಬೆಳಕಿನಲ್ಲಿ ಕಾವೇರಿಯ ದ್ವೀಪಕ್ಕೆ ಬರೋಣ. ಶ್ರೀರಂಗಪಟ್ಟಣ 1610ರಲ್ಲಿ ರಾಜ ಒಡೆಯರ ವಶವಾಗಿ ಮೈಸೂರಿನ ರಾಜಧಾನಿಯಾಯಿತು. ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದ ಕಾಲದಲ್ಲಿ, 1648-49ರ ಸುಮಾರಿಗೆ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಾಮಿಯವರು ಇಲ್ಲಿಗೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಅವರ ಬೆನ್ನಿಗೆ ಯಾವ ಪಡೆಯೂ ಇರಲಿಲ್ಲ. ರಾಜಧಾನಿಯಲ್ಲಿ ನೆಲೆಸಲು ಬೇಕಾಗಿದ್ದುದು ಒಡೆಯರ ಅನುಮತಿ. ಜನರೊಡನೆ ಮಾತನಾಡಲು ಬೇಕಾಗಿದ್ದುದು ಕನ್ನಡ. ಅವರು ಕನ್ನಡವನ್ನು ಕಲಿತರು, ಕನ್ನಡದಲ್ಲಿ ಧರ್ಮೋಪದೇಶವನ್ನು ಬರೆದರು, ಕನ್ನಡದ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದರು.

1799ರಲ್ಲಿ ಕಂಪನಿಯ ಬಾವುಟ ಕೋಟೆಯ ಮೇಲೆ ಹಾರಿದಾಗ, ಈ ನಾಡಿನಲ್ಲಿ ಕನ್ನಡದಲ್ಲಿ ಪ್ರಾರ್ಥಿಸುವ ಕ್ರೈಸ್ತ ಕುಟುಂಬಗಳು ಆಗಲೇ ನೂರೈವತ್ತು ವರ್ಷಗಳ ಸ್ಮರಣೆಯನ್ನು ಹೊಂದಿದ್ದವು. ನಮಗೆ ಎದುರಾಗುವ ಪ್ರಶ್ನೆಗೆ ಮೊದಲ ಉತ್ತರ ಈ ಕಾಲಾನುಕ್ರಮದಲ್ಲಿಯೇ ಇದೆ. ಆದರೆ ಅಷ್ಟಕ್ಕೇ ನಿಂತರೆ ಅದು ಅರ್ಧ ಉತ್ತರವಾಗುತ್ತದೆ.

ಹೈದರ್ ಮತ್ತು ಟಿಪ್ಪುವಿನ ದಂಡಿನಲ್ಲಿ ಕ್ರೈಸ್ತರು

ಹೈದರಾಲಿಯ ಸೈನ್ಯದಲ್ಲಿ ಯೂರೋಪಿನವರು ಬಹಳ ಮಂದಿ ಇದ್ದರು. ಶ್ರೀರಂಗಪಟ್ಟಣದ ಉತ್ತರಕ್ಕೆ, ಹಿರೋಡೆಯ ಬಂಡೆಗಳ ಮಗ್ಗುಲಲ್ಲಿ ಫ್ರೆಂಚ್ ಪಡೆ ಬೀಡುಬಿಟ್ಟಿತ್ತು. ಆದುದರಿಂದಲೇ ಆ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದು, ಬಹುಕಾಲ ಉಳಿಯಿತು. ಇಂದು ಅದು ಪಾಂಡವಪುರ. ಹತ್ತೊಂಬತ್ತನೆಯ ಶತಮಾನದಲ್ಲಿ ಮದ್ರಾಸ್ ಸೇನೆಯ ದೇಶೀಯ ಕಾಲಾಳುಗಳೂ ಅಲ್ಲಿಯೇ ಬೀಡುಬಿಟ್ಟಿದ್ದರು. ಎರಡು ದಂಡುಗಳು ಬಂದು ಹೋದವು. ಊರು ದಂಡಿನ ಹೆಸರನ್ನು ಕಳಚಿ, ಪಾಂಡವರ ಹೆಸರನ್ನು ಧರಿಸಿತು.

1779ರಲ್ಲಿ ತಂಜಾವೂರಿನ ಲೂಥರನ್ ಧರ್ಮಪ್ರಚಾರಕ ಕ್ರಿಶ್ಚಿಯನ್ ಫ್ರೆಡರಿಕ್ ಶ್ವಾರ್ಟ್ಸರು ಕಂಪನಿಯ ದೂತರಾಗಿ ಹೈದರನ ಬಳಿಗೆ ಬಂದರು. ಕೋಟೆಯಲ್ಲಿದ್ದ ಯೂರೋಪಿನ ಸೈನಿಕರಿಗೂ ತಮಿಳು ಕ್ರೈಸ್ತರಿಗೂ ಅವರು ಭಾನುವಾರದ ಆರಾಧನೆಯನ್ನು ಅಡ್ಡಿಯಿಲ್ಲದೆ ನಡೆಸಿದರು. ಹೈದರನು ದಾರಿಖರ್ಚಿಗೆಂದು ಕೊಟ್ಟ 300 ರೂಪಾಯಿಗಳನ್ನು ಅವರು ತಮಗೆ ಇಟ್ಟುಕೊಳ್ಳದೆ ತಂಜಾವೂರಿನ ಅನಾಥ ಮಕ್ಕಳ ಶಾಲೆಗೆ ವಿನಿಯೋಗಿಸಿದರು. ಮುಸಲ್ಮಾನ ದೊರೆಯೊಬ್ಬನ ಹಣದಿಂದ ಕ್ರೈಸ್ತ ಅನಾಥಾಲಯಕ್ಕೆ ನೆರವಾದ ಈ ಸಂಗತಿ ನಮ್ಮ ಪಾಠಗಳಲ್ಲಿ ಹೆಚ್ಚು ಕೇಳಿಬರುವುದಿಲ್ಲ.

ಕೇಳಿಬರುವುದು 1784ರ ಸೆರೆ. ಎರಡನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು ಕೆನರಾ ಸೀಮೆಯ ಕಥೋಲಿಕರನ್ನು ಬಂಧಿಸಲು ಆಜ್ಞೆ ಮಾಡಿದನು. ವಿಭೂತಿ ಬುಧವಾರದ ಹೊತ್ತಿಗೆ ಆರಂಭವಾದ ಆ ಬಂಧನದಲ್ಲಿ ಸಾವಿರಾರು ಕುಟುಂಬಗಳು ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದುಬಂದವು. ಅವರ ಸಂಖ್ಯೆ ಬರಹದಿಂದ ಬರಹಕ್ಕೆ 30,000ದಿಂದ 60,000ವನ್ನು ಮೀರುವವರೆಗೆ ಬದಲಾಗುತ್ತದೆ. ದಾರಿಯಲ್ಲಿ ಸತ್ತವರು, ರೋಗದಿಂದ ಸತ್ತವರು, ಬಲವಂತದಿಂದ ಮತ ಬದಲಿಸಿ ಸುಲ್ತಾನನ ಪಡೆಗಳಿಗೆ ಸೇರಿಸಲ್ಪಟ್ಟ ಯುವಕರು ಹಲವರು. ಇದನ್ನು ಮುಚ್ಚಿಡುವುದು ಸತ್ತವರಿಗೆ ಮಾಡುವ ದ್ರೋಹ. ಆದರೆ ಅದೇ ಕೋಟೆಯೊಳಗೆ ಶ್ರೀರಂಗನಾಥಸ್ವಾಮಿಯ ಗುಡಿಯಲ್ಲಿ ಪೂಜೆ ನಡೆಯುತ್ತಲೇ ಇತ್ತು. 1791ರಲ್ಲಿ ಮರಾಠಾ ದಂಡಿನಿಂದ ಸೂರೆಯಾದ ಶೃಂಗೇರಿ ಮಠಕ್ಕೆ ನೆರವು ಕಳುಹಿಸಿದವನೂ ಇದೇ ಸುಲ್ತಾನನು. ಇದನ್ನು ಬಿಟ್ಟು ಅದನ್ನು ಮಾತ್ರ ಹೇಳಿದರೆ, ನಮ್ಮ ಪೂರ್ವಜರ ಕಣ್ಣೀರನ್ನು ಇನ್ನೊಬ್ಬರ ಜಗಳಕ್ಕೆ ಎಣ್ಣೆಯಾಗಿ ಸುರಿದಂತಾಗುತ್ತದೆ. ರಾಜ್ಯದ ಭಯ ಒಂದು ಸಮುದಾಯವನ್ನು ಶತ್ರುವಿನ ಗೂಢಚಾರರೆಂದು ಕಂಡಾಗ ಏನಾಗುತ್ತದೆ ಎಂಬುದೇ ಆ ಸೆರೆಯ ಪಾಠ. ಇಂದು ಯಾವ ಸಮುದಾಯವನ್ನೇ ಆಗಲಿ ಹಾಗೆ ಕಂಡರೂ ನಾವು ಮಾತನಾಡಬೇಕಾದವರು.

1799ರ ನಂತರದ ದಂಡು

1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಹೋರಾಡುತ್ತಲೇ ಮಡಿದನು. ರಾಜ್ಯ ಒಡೆಯರಿಗೆ ಮರಳಿತು. ದ್ವೀಪ ಮಾತ್ರ ಕಂಪನಿಯ ವಶದಲ್ಲಿ ಉಳಿಯಿತು. ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಆಡಳಿತದಲ್ಲಿ ಹೊಸ ಕಾವಲುಪಡೆ ಕೋಟೆಯಲ್ಲಿ ನೆಲೆಸಿತು.

ಇಲ್ಲಿ ಹೇಡ್ರಿಯನ್ ಗೋಡೆ ನೆನಪಿಗೆ ಬರದೆ ಇರದು. ಪಡೆಯ ಮುಖ್ಯ ಭಾಗಗಳಲ್ಲೊಂದು ಡಿ ಮ್ಯೂರನ್ ರೆಜಿಮೆಂಟ್. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನ ಶಾರ್ಲ್-ದಾನಿಯೇಲ್ ಡಿ ಮ್ಯೂರನ್ 1781ರಲ್ಲಿ ಡಚ್ ಕಂಪನಿಗಾಗಿ ಕಟ್ಟಿದ ಬಾಡಿಗೆ ಪಡೆ ಅದು. 1795ರಲ್ಲಿ ಸಿಲೋನಿನಲ್ಲಿದ್ದಾಗ ಕರಾರಿನ ಮೂಲಕ ಬ್ರಿಟಿಷರ ಸೇವೆಗೆ ವರ್ಗವಾಯಿತು. ನಿನ್ನೆಯ ಯಜಮಾನನ ಶತ್ರು ಇಂದಿನ ಯಜಮಾನ. ಆಲ್ಪ್ಸ್ ಪರ್ವತದ ತಪ್ಪಲಿನ ಹಳ್ಳಿಗರು ಕಾವೇರಿಯ ದಡದಲ್ಲಿ, ತಮ್ಮದಲ್ಲದ ಜಗಳಕ್ಕೆ ಪ್ರಾಣ ಕೊಟ್ಟರು. ತುಂಗ್ರಿ ಜನರಿಗೂ ಇವರಿಗೂ ನಡುವೆ ಹದಿನಾರು ಶತಮಾನಗಳಿದ್ದರೂ ಪಾಡು ಒಂದೇ.

ಬೆಂಗಳೂರು-ಮೈಸೂರು ಹೆದ್ದಾರಿಯ ಸಮೀಪ, ನದಿಯ ದಡದಲ್ಲಿರುವ ಗ್ಯಾರಿಸನ್ ಸ್ಮಶಾನದಲ್ಲಿ ಸುಮಾರು 300 ಸಮಾಧಿಗಳಿವೆ. ಮುತ್ತಿಗೆಯಲ್ಲಿ ಸತ್ತ ಅಧಿಕಾರಿಗಳು, ಡಿ ಮ್ಯೂರನ್ ಪಡೆಯವರು, ಅವರ ಹೆಂಡಿರು ಮಕ್ಕಳು ಅಲ್ಲಿ ಮಲಗಿದ್ದಾರೆ. ಪಾಳುಬಿದ್ದಿದ್ದ ಈ ಸ್ಥಳ ಈ ಶತಮಾನದ ಮೊದಲ ದಶಕದಲ್ಲಿ ಡಿ ಮ್ಯೂರನ್ ವಂಶಸ್ಥರ ನೆರವಿನಿಂದ ಜೀರ್ಣೋದ್ಧಾರಗೊಂಡಿತು. ಸತ್ತ ಸೈನಿಕನನ್ನು ಕಲ್ಲಿನಲ್ಲಿ ನೆನೆಯುವುದು ಈ ನೆಲಕ್ಕೆ ಹೊಸದಲ್ಲ. ಇದೇ ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನ, ಹಂದಿಯೊಡನೆ ಕಾದಾಡಿ ಸತ್ತ ಬೇಟೆನಾಯಿಯನ್ನೂ ಮರೆಯಲಿಲ್ಲ. ಆದರೆ ವೀರಗಲ್ಲಿಗೆ ಊರಿನವರು ಕುಂಕುಮ ಹಚ್ಚುತ್ತಾರೆ. ದಂಡಿನ ಸಮಾಧಿಗೆ ಹೂವಿಡಲು ಊರಿನಲ್ಲಿ ನಂಟರಿಲ್ಲ.

ಈ ದಂಡು ಸುವಾರ್ತೆಯನ್ನು ಹರಡಿತೇ? ಕಂಪನಿಗೆ ಅದು ಬೇಕಾಗಿರಲಿಲ್ಲ. ಸಂಸತ್ತು 1813ರ ಸನ್ನದಿನಲ್ಲಿ ದಾರಿ ತೆರೆಯುವವರೆಗೆ ಕಂಪನಿ ತನ್ನ ಸೀಮೆಗಳಲ್ಲಿ ಧರ್ಮಪ್ರಚಾರಕರನ್ನು ಅನುಮಾನದಿಂದಲೇ ಕಾಣುತ್ತಿತ್ತು. ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದ ವೆಲ್ಲೂರು ಕೋಟೆಯಲ್ಲಿ 1806ರ ಜುಲೈ 10ರಂದು ಸಿಪಾಯಿಗಳು ದಂಗೆಯೆದ್ದರು. ಹೊಸ ಪೇಟ, ಜಾತಿಯ ಗುರುತುಗಳ ನಿಷೇಧ ಇವು ಬಲವಂತದ ಮತಾಂತರದ ಮುನ್ಸೂಚನೆಗಳೆಂಬ ವದಂತಿ ಅದಕ್ಕೆ ಒಂದು ಕಾರಣವಾಗಿತ್ತು. ಆ ಬಳಿಕ ಕಂಪನಿಯ ಎಚ್ಚರಿಕೆ ಇಮ್ಮಡಿಸಿತು. ದಂಡಿನ ಧರ್ಮ ದಂಡಿಗೆ ಮಾತ್ರ ಎಂಬುದು ಅದರ ನೀತಿ.

ದಂಡಿನ ಬಾಳೂ ದೀರ್ಘವಾಗಲಿಲ್ಲ. 1809ರಲ್ಲಿ ಭತ್ಯೆಯ ಕಡಿತದಿಂದ ಸಿಟ್ಟಾದ ಮದ್ರಾಸ್ ಸೇನೆಯ ಇಂಗ್ಲಿಷ್ ಅಧಿಕಾರಿಗಳೇ ಈ ಕೋಟೆಯಲ್ಲಿ ಸರ್ಕಾರದ ವಿರುದ್ಧ ದಂಗೆಯೆದ್ದರು. ಅವರನ್ನು ಸೇರಲು ಚಿತ್ರದುರ್ಗದಿಂದ ಬರುತ್ತಿದ್ದ ಸಿಪಾಯಿಗಳು ಸರ್ಕಾರದ ಪಡೆಗಳ ದಾಳಿಗೆ ಸಿಕ್ಕಿ ಸತ್ತರು. ದೊರೆಗಳ ಸಂಬಳದ ಜಗಳಕ್ಕೆ ಬಡ ಸಿಪಾಯಿ ಬಲಿಯಾದನು. ಇದಲ್ಲದೆ ದ್ವೀಪದ ಜ್ವರ ಯುದ್ಧಕ್ಕಿಂತ ಹೆಚ್ಚು ಜನರನ್ನು ಒಯ್ಯುತ್ತಿತ್ತು. ದಂಡಿನ ಕೇಂದ್ರ ಬೆಂಗಳೂರಿಗೆ ಹೋಯಿತು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಅಂದಾಜು ಮಾಡಲಾದ ದ್ವೀಪದಲ್ಲಿ, 1800ರಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ನರ ಲೆಕ್ಕಕ್ಕೆ ಸಿಕ್ಕವರು ಸುಮಾರು 32,000. ಮುಂದಿನ ದಶಕದಲ್ಲಿ ಅದೂ ಕರಗಿತು. 1881ರಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಪ್ರತಿಯಾಗಿ ದ್ವೀಪ ಮೈಸೂರಿಗೆ ಮರಳಿತು.

ದೊಡ್ಡ ಸ್ವಾಮಿಯವರು

ಕೋಟೆ ಬಿದ್ದ ಮೇಲೆ ಅಲ್ಲಿಗೆ ಬಂದವರಲ್ಲಿ ಆಯುಧವಿಲ್ಲದ ಫ್ರೆಂಚರೊಬ್ಬರಿದ್ದರು. ಅವರು ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಅಬ್ಬೆ ಜಾನ್ ಆಂತ್ವಾನ್ ದ್ಯುಬ್ವಾ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1792ರಲ್ಲಿ ಭಾರತಕ್ಕೆ ಬಂದಿದ್ದ ಅವರಿಗೆ ಇಲ್ಲಿ ಎದುರಾದ ಕೆಲಸ ಕಠಿಣವಾಗಿತ್ತು: ಸೆರೆಯ ವರ್ಷಗಳಲ್ಲಿ ಬಲವಂತದಿಂದ ಮತ ಬದಲಿಸಿದವರನ್ನು ಮತ್ತೆ ಒಳಗೆ ಬರಮಾಡಿಕೊಳ್ಳುವುದು.

ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಪ್ರಶ್ನೆ. ಚಕ್ರವರ್ತಿ ಡೇಸಿಯಸನ ಹಿಂಸೆಯ ಬಳಿಕ, 251ರಲ್ಲಿ, ಕಾರ್ಥೇಜಿನ ಸಂತ ಸಿಪ್ರಿಯಾನರ ಮುಂದೆ ಬಂದು ನಿಂತದ್ದು ಇದೇ: ಪ್ರಾಣಭಯದಿಂದ ವಿಶ್ವಾಸವನ್ನು ಬಿಟ್ಟವರು ಮರಳಿ ಬರಲು ಬಯಸಿದರೆ ಏನು ಮಾಡಬೇಕು? ಬಾಗಿಲು ಮುಚ್ಚಬೇಕೆಂದವರಿದ್ದರು, ಪ್ರಾಯಶ್ಚಿತ್ತವೇ ಬೇಡವೆಂದವರೂ ಇದ್ದರು. ಧರ್ಮಸಭೆ ಕರುಣೆಯನ್ನೂ ಪಶ್ಚಾತ್ತಾಪವನ್ನೂ ಒಟ್ಟಿಗೆ ಹಿಡಿದುಕೊಂಡಿತು. ಆ ಹಳೆಯ ಪಾಠ ಗಂಜಾಂನ ಬೀದಿಗಳಲ್ಲಿ ಮತ್ತೆ ಆಚರಣೆಗೆ ಬಂದಿತು. ಬಾಲ್ಯದಲ್ಲೇ ಸೆರೆಯಾಗಿ, ಪ್ರಾರ್ಥನೆಯ ಪದಗಳನ್ನೇ ಮರೆತಿದ್ದವನಿಗೆ ತನಿಖೆಯ ಅಗತ್ಯವಿರಲಿಲ್ಲ. ಕೈಹಿಡಿದು ಮತ್ತೆ ಕಲಿಸುವವರ ಅಗತ್ಯವಿತ್ತು.

ದ್ಯುಬ್ವಾರವರು ಈ ನಾಡಿನ ಉಡುಪನ್ನು ಉಟ್ಟರು, ಇಲ್ಲಿನ ಊಟದ ರೀತಿಯನ್ನು ಪಾಲಿಸಿದರು. ನೆಲೆ ಕಳೆದುಕೊಂಡ ಕ್ರೈಸ್ತರಿಗಾಗಿ ಬೇಸಾಯದ ಹಳ್ಳಿಗಳನ್ನು ಕಟ್ಟಿದರು. ಸಿಡುಬಿನ ಲಸಿಕೆ ಹೊಸದಾಗಿ ಬಂದಾಗ, 1803-04ರಲ್ಲಿ, 25,000ಕ್ಕೂ ಹೆಚ್ಚು ಜನರಿಗೆ ಅದು ತಲುಪುವಂತೆ ದುಡಿದರು. ಜನ ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಗಂಜಾಂನಲ್ಲಿರುವ ದೇವಾಲಯ ಇಂದಿಗೂ ಅವರ ಹೆಸರಿನೊಂದಿಗೆ ಸೇರಿಕೊಂಡಿದೆ.

ಅವರನ್ನು ನಿಷ್ಕಳಂಕರೆಂದು ಚಿತ್ರಿಸುವುದು ಬೇಡ. ಅವರಿಗೆ ದಾರಿ ತೆರೆದದ್ದು ಕಂಪನಿಯ ಗೆಲುವೇ. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಹಸ್ತಪ್ರತಿಯನ್ನು 1807ರಲ್ಲಿ ಕಂಪನಿ ಆಡಳಿತದ ಉಪಯೋಗಕ್ಕೆಂದು ಕೊಂಡುಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಆಳುವವರ ಕೈಗೆ ಆಳಿಸಿಕೊಳ್ಳುವವರ ವಿವರವನ್ನು ಕೊಡುವುದು ಪಾಲಕನ ಕೆಲಸವೇ ಎಂಬ ಪ್ರಶ್ನೆಯನ್ನು ನಾವು ಕೇಳಲೇಬೇಕು. 1823ರಲ್ಲಿ ಫ್ರಾನ್ಸಿಗೆ ಹಿಂದಿರುಗಿದ ವರ್ಷವೇ ಅವರ ಪತ್ರಗಳ ಸಂಪುಟವೊಂದು ಬೆಳಕಿಗೆ ಬಂತು. ಭಾರತದಲ್ಲಿ ಸುವಾರ್ತೆಗೆ ಭವಿಷ್ಯವಿಲ್ಲವೆಂಬ ನಿರಾಶೆ ಅದರಲ್ಲಿ ತುಂಬಿದೆ. ಅವರು ಕಂಡ ಅಡ್ಡಿಗಳಲ್ಲಿ ಇಲ್ಲಿದ್ದ ಯೂರೋಪಿನವರ ನಡತೆಯೂ ಒಂದು. ಕೋಟೆಯ ಹತ್ತಿರ ಇಪ್ಪತ್ತಕ್ಕೂ ಹೆಚ್ಚು ವರ್ಷ ಬಾಳಿದವರ ಸಾಕ್ಷ್ಯವಿದು: ಕೋಟೆ ಸುವಾರ್ತೆಗೆ ಊರುಗೋಲಾಗಲಿಲ್ಲ.

ಆದರೆ ಅವರ ನಿರಾಶೆಯನ್ನು ಇತಿಹಾಸ ಒಪ್ಪಲಿಲ್ಲ. ಅವರು ಬಿಟ್ಟುಹೋದ ಸಮುದಾಯ ಚದುರಲಿಲ್ಲ. 1850ರಲ್ಲಿ ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾಯಿತು, 1886ರಲ್ಲಿ ಧರ್ಮಪ್ರಾಂತ್ಯವಾಯಿತು. ಗಂಜಾಂ, ಪಾಲಹಳ್ಳಿಗಳಲ್ಲಿ ಕನ್ನಡದ ಬಲಿಪೂಜೆ ಇಂದಿಗೂ ಸಲ್ಲುತ್ತಿದೆ.

ನಮ್ಮ ಉತ್ತರ

ಹಾಗಾದರೆ, ಫಿರಂಗಿಗಳ ಜೊತೆಯಲ್ಲಿ ಬಂದ ಧರ್ಮವೇ ನಮ್ಮದು? ಫಿರಂಗಿಗಳ ಜೊತೆಯಲ್ಲಿಯೂ ಒಂದು ಕ್ರೈಸ್ತಧರ್ಮ ಬಂದಿತ್ತು ಎಂಬುದನ್ನು ನಾವು ಅಲ್ಲಗಳೆಯಬಾರದು. ಅದು ದಂಡಿನೊಡನೆ ಬಂದು, ದಂಡಿನೊಡನೆ ಹೋಯಿತು. ಸುಮಾರು ಮುನ್ನೂರು ಸಮಾಧಿಗಳನ್ನು ಬಿಟ್ಟಿತು. ಉಳಿದದ್ದು ಇನ್ನೊಂದು: ಒಡೆಯರ ಅನುಮತಿಯಿಂದ ಕನ್ನಡ ಕಲಿತು ಬೇರೂರಿದ, ಸೆರೆಯನ್ನು ಹಾದು ಬಂದ, ಕೋಟೆ ಪಾಳುಬಿದ್ದರೂ ಹೊಲ ಉತ್ತು ಬಾಳಿದ ವಿಶ್ವಾಸ. ಮೇರಿಪೋರ್ಟಿನ ಬಲಿಪೀಠಗಳಿಗೂ ವಿಂಡೊಲಾಂಡದ ಸೀಸದ ಪಾತ್ರೆಗೂ ಇರುವ ಅಂತರವೇ ಇದು.

ಈ ಉತ್ತರ ಇತರರಿಗೆ ಹೇಳುವುದಕ್ಕಿಂತ ಮೊದಲು ನಮಗೆ ನಾವೇ ಹೇಳಿಕೊಳ್ಳಬೇಕಾದದ್ದು. ಗಟ್ಟಿ ಕಟ್ಟಡ, ಎತ್ತರದ ಕಾಂಪೌಂಡು, ಅಧಿಕಾರದಲ್ಲಿರುವವರ ಗೆಳೆತನ ಇವೂ ಒಂದು ಬಗೆಯ ಕೋಟೆಗಳೇ. ಅವುಗಳಿಂದ ರಕ್ಷಣೆ ದೊರೆತಂತೆ ಕಾಣಬಹುದು. ಆದರೆ ಅವು ಬಿದ್ದ ದಿನ ಒಳಗಿರುವವರ ಹೆಸರೂ ಅವುಗಳೊಡನೆ ಬೀಳುತ್ತದೆ. 1784ರಲ್ಲಿ ಸೆರೆಯಾದವರ ಮೇಲಿದ್ದ ಆರೋಪ ಅನ್ಯರ ಕೋಟೆಯ ಕಡೆಯವರು ಎಂಬುದೇ ಆಗಿತ್ತಲ್ಲವೇ?

ಆದುದರಿಂದ ಈ ಸೀಮೆಯಲ್ಲಿ ಗುರುಸೇವೆಗೆ ಸಿದ್ಧರಾಗುವವರು ದೀಕ್ಷಾಸ್ನಾನದ ಹಳೆಯ ದಾಖಲೆ ಪುಸ್ತಕಗಳನ್ನು ಓದಲಿ, ಜೋಪಾನ ಮಾಡಲಿ. ಯಾರು ಉಳಿದರು ಎಂಬುದರ ಲೆಕ್ಕ ಅಲ್ಲಿದೆ. ಸೆರೆಯ ಕಥೆಯನ್ನು ಹೇಳುವಾಗ ಹೈದರನ 300 ರೂಪಾಯಿಗಳ ಕಥೆಯನ್ನೂ ಹೇಳಲಿ. ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಪ್ರಾರ್ಥನೆಯಲ್ಲಿ ನ್ಯೂಶಾಟೆಲ್‌ನ ಬಾಡಿಗೆ ಸಿಪಾಯಿಗಳನ್ನೂ, ಚಿತ್ರದುರ್ಗದ ದಾರಿಯಲ್ಲಿ ಸತ್ತ ಸಿಪಾಯಿಗಳನ್ನೂ, ಕೆನರಾದಿಂದ ನಡೆದುಬಂದು ಹಿಂದಿರುಗದ ಕುಟುಂಬಗಳನ್ನೂ, ಕೋಟೆಯ ಬಾಗಿಲಲ್ಲಿ ಮಡಿದ ಸುಲ್ತಾನನ ಸೈನಿಕರನ್ನೂ ಒಟ್ಟಿಗೆ ನೆನೆಯಲಿ. ಶತಾಧಿಪತಿಯ ಸೇವಕನನ್ನು ಗುಣಪಡಿಸಿದ ಪ್ರಭು, ಅವನು ಯಾವ ದಂಡಿನವನೆಂದು ಕೇಳಲಿಲ್ಲ.